ಅದು ಸಂಗೀತವಲ್ಲವಂತೆ!

“ಏನೇ ಅದು, ಮಿಕ್ಸಿ ಸುಟ್ಟುಹೋಯ್ತಾ?”

ಹಜಾರದಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ಕೂತಲ್ಲಿಂದಲೇ ಕೂಗಿದರು. ಮಿಕ್ಸಿ ಸುಟ್ಟಿರಲಿಲ್ಲ. ಅಮೆರಿಕದಲ್ಲಿರುವ ನಮ್ಮಕ್ಕನ ಮಗ ರಜೆಗೆ ಬಂದಾಗ ಒಂದು ಸಿ.ಡಿ. ತಂದುಕೊಟ್ಟಿದ್ದ. “ಚಿಕ್ಕಮ್ಮಾ, ನಿನಗೆ ಹಾಡಿನ ಹುಚ್ಚಲ್ವಾ, ಇದನ್ನೂ ಒಂದ್ಸಲ ಕೇಳು. ಆಮೇಲೆ ನನ್ನ ಬೈಬೇಡ” ಎಂದಿದ್ದ. ಈಗ ಸಿ.ಡಿ. ಹಾಕುವವರು ಯಾರಿದ್ದಾರೆ? ಮಗಳು ಕಾಲೇಜಿಗೆ ಹೋಗುತ್ತಿದ್ದಾಗ ಕೊಡಿಸಿದ್ದ ಪ್ಲೇಯರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಾಕಿದೆ. ಮೊದಲ ದನಿ ಹೊರಟಿತೋ ಇಲ್ಲವೋ, ಹಜಾರದಿಂದ ಈ ಪ್ರಶ್ನೆ.

“ಮಿಕ್ಸಿಯಲ್ಲ ಅಂದ್ರೆ, ಸಂಗೀತ” ಎಂದೆ.

“ಇದು ಸಂಗೀತಾನಾ!” ಎಂದು ನಕ್ಕು ಅವರು ಪೇಪರು ಮಗುಚಿದರು.

ಆ ಕ್ಷಣಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದಾಗ ತಿಳಿಯಿತು, 1956ರಲ್ಲಿ ಹಾಲಿವುಡ್ಡೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿತ್ತು. ನಮ್ಮ ಯಜಮಾನರು ನಕ್ಕು ಬಿಟ್ಟರು. ಹಾಲಿವುಡ್ಡಿನವರು ಅದನ್ನು ಪರದೆಯ ಮೇಲೆ ಬರೆದೇಬಿಟ್ಟರು. ನನ್ನ ಜಗಳವಿರುವುದು ಆ ಬರಹದ ಜೊತೆ.

ಚಿತ್ರದ ಹೆಸರು ‘ಫರ್ಬಿಡನ್ ಪ್ಲಾನೆಟ್’. ನಿಷೇಧಿತ ಗ್ರಹ ಎನ್ನೋಣ. ಎಂ.ಜಿ.ಎಂ. ಸಂಸ್ಥೆ 1956ರಲ್ಲಿ ಬಿಡುಗಡೆ ಮಾಡಿದ ಬಣ್ಣದ ವೈಜ್ಞಾನಿಕ ಚಿತ್ರ. ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ನೆರಳು ಕಥೆಯ ಮೇಲೆ ಬಿದ್ದಿದೆ. ಭೂಮಿಯಿಂದ ಬಹುದೂರದ ಒಂದು ಗ್ರಹದಲ್ಲಿ ಮಾರ್ಬಿಯಸ್ ಎಂಬ ವಿದ್ವಾಂಸ, ಅವನ ಮಗಳು ಆಲ್ಟೈರಾ, ಅವರ ಸೇವೆಗೆ ರಾಬಿ ಎಂಬ ರೋಬೋ. ಅಲ್ಲಿ ಹಿಂದೊಮ್ಮೆ ಕ್ರೆಲ್ ಎಂಬ ಮಹಾ ಬುದ್ಧಿವಂತ ಜನ ಬಾಳಿ ಒಂದೇ ರಾತ್ರಿಯಲ್ಲಿ ಅಳಿದುಹೋಗಿದ್ದಾರೆ. ಭೂಮಿಯಿಂದ ಒಂದು ಹಡಗು ಬಂದಿಳಿಯುತ್ತದೆ. ಕಣ್ಣಿಗೆ ಕಾಣದ ರಾಕ್ಷಸನೊಬ್ಬ ಅದರ ಸಿಬ್ಬಂದಿಯನ್ನು ಕೊಲ್ಲತೊಡಗುತ್ತಾನೆ. ಅವನು ಹೊರಗಿನವನಲ್ಲ, ಮಾರ್ಬಿಯಸ್‌ನ ಮನಸ್ಸಿನ ಆಳದಿಂದ ಎದ್ದು ಬಂದವನೆಂದು ಕೊನೆಗೆ ತಿಳಿಯುತ್ತದೆ.

ಚಿತ್ರವನ್ನೂ ನೋಡಿದೆ. ಹೆಣ್ಣುಮಗಳ ವಿಷಯದಲ್ಲಿ ಅದು ನನಗೆ ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ಅಷ್ಟು ಗಂಡಸರ ನಡುವೆ ಒಬ್ಬಳೇ ಹುಡುಗಿ. ಅವಳಿಗೆ ಕೊಟ್ಟ ಕೆಲಸವೆಂದರೆ ಗಿಡ್ಡ ಬಟ್ಟೆ ತೊಟ್ಟು ಓಡಾಡುವುದು, ಕ್ಯಾಪ್ಟನ್ನಿನಿಂದ ಬೈಸಿಕೊಳ್ಳುವುದು, ರೋಬೋ ಹತ್ತಿರ ಹೊಸ ಗೌನು ಕೇಳುವುದು. ಸಿ.ಡಿ.ಯಲ್ಲಿರುವ 23 ತುಣುಕುಗಳಲ್ಲಿ ಒಂದರ ಹೆಸರೇ ‘ರಾಬಿ, ನನಗೊಂದು ಗೌನು ಮಾಡಿಕೊಡು’ ಎಂದು. ಪರದೆಯ ಮೇಲಿನ ಹೆಣ್ಣು ಗೌನು ಕೇಳುತ್ತಿದ್ದಾಗ ಪರದೆಯ ಹಿಂದಿನ ಹೆಣ್ಣೊಬ್ಬಳು ಆ ಗ್ರಹಕ್ಕೆ ಗಾಳಿ, ಬೆಳಕು, ಭಯ, ಎದೆಬಡಿತ ಎಲ್ಲವನ್ನೂ ದನಿಯಲ್ಲಿ ಕಟ್ಟಿಕೊಟ್ಟಿದ್ದಳು. ಅವಳೇ ಬೀಬಿ ಬ್ಯಾರನ್.

ಜೊತೆಗೆ ಗಂಡ ಲೂಯಿ ಬ್ಯಾರನ್. ಇಬ್ಬರೂ ಮಿನಿಯಾಪೊಲಿಸ್ ಊರಿನವರು. 1947ರಲ್ಲಿ ಮದುವೆಯಾದಾಗ ಅವರಿಗೆ ಉಡುಗೊರೆಯಾಗಿ ಬಂದದ್ದು ಒಂದು ಟೇಪ್ ರೆಕಾರ್ಡರ್. ಆಗ ಅಮೆರಿಕದಲ್ಲೂ ಅದು ಅಪರೂಪದ ವಸ್ತು. ನಮ್ಮ ಮದುವೆಗಳಲ್ಲಿ ಬರುವ ಹನ್ನೆರಡು ಗೋಡೆ ಗಡಿಯಾರಗಳನ್ನು ನೆನೆದು ಹೊಟ್ಟೆಕಿಚ್ಚಾಯಿತು. ದಂಪತಿಗಳು ನ್ಯೂಯಾರ್ಕಿಗೆ ಬಂದು ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿ ಸ್ವಂತ ಸ್ಟುಡಿಯೋ ಮಾಡಿಕೊಂಡರು. ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ಪ್ರಕಟಿಸಿದ ‘ಸೈಬರ್ನೆಟಿಕ್ಸ್’ ಪುಸ್ತಕ ಓದಿ ಲೂಯಿ ವಾಲ್ವ್‌ಗಳನ್ನು ಜೋಡಿಸಿ ಸರ್ಕ್ಯೂಟ್ ಕಟ್ಟತೊಡಗಿದ. ನಮ್ಮ ತಂದೆಯ ಕಾಲದ ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥವೇ ವಾಲ್ವ್‌ಗಳು. ಆ ಸರ್ಕ್ಯೂಟಿಗೆ ತಡೆಯಲಾರದಷ್ಟು ವಿದ್ಯುತ್ತು ಕೊಟ್ಟರೆ ಅದು ಚೀರುತ್ತದೆ, ಗುನುಗುತ್ತದೆ, ನರಳುತ್ತದೆ, ಕೊನೆಗೆ ಸುಟ್ಟು ಸಾಯುತ್ತದೆ. ಸತ್ತ ಸರ್ಕ್ಯೂಟನ್ನು ಮತ್ತೆ ಕಟ್ಟಿದರೂ ಅದೇ ದನಿ ಮರಳಿ ಬರುತ್ತಿರಲಿಲ್ಲ. ಆದ್ದರಿಂದ ಅದು ಬದುಕಿರುವಷ್ಟು ಹೊತ್ತೂ ಟೇಪು ಓಡುತ್ತಲೇ ಇರಬೇಕಿತ್ತು.

ಮಿಕ್ಸಿ ಸುಟ್ಟಿತಾ ಎಂದು ಕೇಳಿದ ನಮ್ಮ ಯಜಮಾನರು ಹಾಗೆ ನೋಡಿದರೆ ಪೂರ್ತಿ ತಪ್ಪಿರಲಿಲ್ಲ!

ಹೀಗೆ ಗಂಟೆಗಟ್ಟಲೆ ಟೇಪು ಸೇರುತ್ತದೆ. ಸುಮ್ಮನೆ ಕೇಳಿದರೆ ಬರೀ ಗೊರಗೊರ, ಕಿರ್ರ್. ಅದರ ಮುಂದೆ ಬೀಬಿ ಕೂರುತ್ತಾಳೆ. ಇಡೀ ಟೇಪು ಕೇಳುತ್ತಾಳೆ. ಯಾವ ಅರೆನಿಮಿಷದಲ್ಲಿ ಜೀವವಿದೆ ಎಂದು ಗುರುತಿಸುತ್ತಾಳೆ. ಆ ತುಣುಕಿನ ವೇಗ ತಗ್ಗಿಸಿದರೆ ಏನಾಗುತ್ತದೆ, ತಿರುಗಿಸಿ ಓಡಿಸಿದರೆ ಏನಾಗುತ್ತದೆ, ಎರಡನ್ನು ಒಂದರ ಮೇಲೊಂದು ಹಾಕಿದರೆ ಹೇಗೆ, ಒಂದರ ಬೆನ್ನಿಗೆ ಇನ್ನೊಂದು ಸ್ವಲ್ಪ ತಡವಾಗಿ ಬಂದರೆ ಹೇಗೆ ಎಂದು ನೋಡಿ, ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಾ ಹೋಗುವುದು. ಆಗಿನ್ನೂ ಮೂಗ್‌ನ ಸಿಂಥಸೈಜರ್ ಬಂದಿರಲಿಲ್ಲ, ಅದು ಬಂದದ್ದು 1964ರಲ್ಲಿ. ಕೀ ಒತ್ತಿದರೆ ದನಿ ಬರುವ ಕಾಲವಲ್ಲ ಅದು. ಒಂದು ನಿಮಿಷದ ಸಂಗೀತಕ್ಕೆ ಎಷ್ಟು ತುಂಡು ಟೇಪು, ಎಷ್ಟು ಬ್ಲೇಡು, ಎಷ್ಟು ರಾತ್ರಿ! ಇದನ್ನು ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಮೊರ. ಮೊರದ ತುಂಬ ಅಕ್ಕಿ ಹರವಿಕೊಂಡು ಕಲ್ಲು, ನೆಲ್ಲು, ನುಚ್ಚು ಬೇರೆ ಮಾಡುವ ಹೆಂಗಸಿನ ಬೆರಳು. ಅನ್ನ ಬಡಿಸಿದಾಗ ಹಲ್ಲಿಗೆ ಕಲ್ಲು ಸಿಕ್ಕರೆ ಮಾತ್ರ ಆ ಬೆರಳಿನ ನೆನಪಾಗುತ್ತದೆ.

ಬೀಬಿ ಇದನ್ನು ಗಂಡನ ಪಕ್ಕ ಕೂತು ಹೊತ್ತು ಕಳೆಯಲು ಮಾಡಿದವಳಲ್ಲ. ಸಂಗೀತದಲ್ಲಿ ಪದವಿ ಪಡೆದವಳು. ನ್ಯೂಯಾರ್ಕಿನಲ್ಲಿ ಹೆನ್ರಿ ಕವೆಲ್, ವಾಲಿಂಗ್‌ಫೋರ್ಡ್ ರೀಗರ್ ಅಂಥ ಸಂಗೀತಕಾರರ ಹತ್ತಿರ ರಚನೆ ಕಲಿತವಳು. ಜಾನ್ ಕೇಜ್ ಎಂಬ ಹೆಸರಾಂತ ಸಂಗೀತಕಾರ 1952ರಲ್ಲಿ ‘ವಿಲಿಯಮ್ಸ್ ಮಿಕ್ಸ್’ ಎಂಬ ಟೇಪ್ ರಚನೆಗೆ ಕೈಹಾಕಿದಾಗ ಅದಕ್ಕೆ ನೂರಾರು ದನಿಗಳನ್ನು ಹಿಡಿದುಕೊಟ್ಟವರು ಈ ದಂಪತಿಗಳೇ. ಕೊನೆಗೆ ಸಿದ್ಧವಾದದ್ದು ನಾಲ್ಕು ನಿಮಿಷ ಚಿಲ್ಲರೆಯ ರಚನೆ! ನೀವು ಮಾಡುತ್ತಿರುವುದೂ ಸಂಗೀತವೇ ಎಂದು ಅವರಿಗೆ ಧೈರ್ಯ ಹೇಳಿದವನೂ ಕೇಜ್. ಅಲ್ಲಿಯವರೆಗೆ ಅವರಿಗೇ ಆ ಮಾತು ಆಡಲು ಅಳುಕಿತ್ತು.

1955ರಲ್ಲಿ ಅವರು ಎಂ.ಜಿ.ಎಂ.ನ ಮುಖ್ಯಸ್ಥ ಡೋರಿ ಶಾರಿಯನ್ನು ನ್ಯೂಯಾರ್ಕಿನ ಒಂದು ಚಿತ್ರಕಲಾ ಪ್ರದರ್ಶನದಲ್ಲಿ ಹಿಡಿದು ಮಾತಾಡಿಸಿದರು. ಮೊದಲಿಗೆ ಸಿಕ್ಕದ್ದು ಇಪ್ಪತ್ತು ನಿಮಿಷದಷ್ಟು ಶಬ್ದದ ಕೆಲಸ. ಮಾಡಿ ಕಳಿಸಿದ ಮಾದರಿ ಕೇಳಿದ ಮೇಲೆ ಇಡೀ ಚಿತ್ರವೇ ಅವರ ಕೈಗೆ ಬಂತು. ಡೇವಿಡ್ ರೋಸ್ ಎಂಬ ಹೆಸರಾಂತ ವಾದ್ಯವೃಂದದ ಸಂಗೀತಗಾರ ಮೊದಲು ಆ ಚಿತ್ರಕ್ಕೆ ನೇಮಕವಾಗಿದ್ದವನು. ಅವನನ್ನು ಬಿಟ್ಟು ಇವರಿಗೆ ಕೊಟ್ಟರು. ಪಿಟೀಲಿಲ್ಲ, ಪಿಯಾನೋ ಇಲ್ಲ, ತುತ್ತೂರಿ ಇಲ್ಲ. ಮೊದಲಿನಿಂದ ಕೊನೆಯವರೆಗೆ ಎಲೆಕ್ಟ್ರಾನಿಕ್ ದನಿಗಳಿಂದಲೇ ಸಂಗೀತ ಮಾಡಿದ ಮೊದಲ ದೊಡ್ಡ ವ್ಯಾಪಾರಿ ಚಿತ್ರ ಅದು. ಅದಕ್ಕೆ ಮುಂಚೆ 1951ರ ‘ದ ಡೇ ದ ಅರ್ಥ್ ಸ್ಟುಡ್ ಸ್ಟಿಲ್’ ಚಿತ್ರದಲ್ಲಿ ಬರ್ನಾರ್ಡ್ ಹರ್ಮನ್ ಥೆರೆಮಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಬಳಸಿದ್ದ, ಆದರೆ ಬೇರೆ ವಾದ್ಯಗಳ ಜೊತೆಗೆ. ಇಲ್ಲಿ ಹಾಗೆ ಒರಗಲು ಗೋಡೆಯೇ ಇರಲಿಲ್ಲ.

ಮುನ್ನೋಟದ ಪ್ರದರ್ಶನದಲ್ಲಿ ಹಡಗು ಗ್ರಹದ ಮೇಲೆ ಇಳಿಯುವ ಶಬ್ದ ಮುಗಿಯುತ್ತಿದ್ದಂತೆ ಪ್ರೇಕ್ಷಕರು ಚಪ್ಪಾಳೆ ತಟ್ಟಿದರೆಂದು ಬೀಬಿ ಮುಂದೆ ನೆನೆಸಿಕೊಂಡಿದ್ದಾಳೆ. ಮೆಚ್ಚಿದ್ದು ಆಗಲಿ, ಈಗ ಟೈಟಲ್ ಕಾರ್ಡಿಗೆ ಬನ್ನಿ. ಅಲ್ಲಿ ‘ಎಲೆಕ್ಟ್ರಾನಿಕ್ ಸಂಗೀತ’ ಎಂದು ಬರಬೇಕಿತ್ತು. ಬಂದದ್ದು ‘ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್ – ಲೂಯಿ ಮತ್ತು ಬೀಬಿ ಬ್ಯಾರನ್’ ಎಂದು. ಈ ಟೊನ್ಯಾಲಿಟೀಸ್ ಅನ್ನು ಕನ್ನಡಕ್ಕೆ ತರಲು ಒಂದು ಸಂಜೆಯೆಲ್ಲ ಒದ್ದಾಡಿದೆ. ಸ್ವರಛಾಯೆ? ನಾದವೈಖರಿ? ಯಾವುದೂ ಕೂರಲಿಲ್ಲ. ಕೂರುವುದಿಲ್ಲ ಏಕೆಂದರೆ ಅದು ಏನನ್ನೋ ಹೇಳಲು ಹುಟ್ಟಿದ ಮಾತಲ್ಲ, ‘ಸಂಗೀತ’ ಎಂಬ ಮಾತನ್ನು ಹೇಳದೆ ತಪ್ಪಿಸಿಕೊಳ್ಳಲು ಹುಡುಕಿದ ಮಾತು. ಸಂಗೀತಗಾರರ ಸಂಘ ತಕರಾರು ತೆಗೆಯುತ್ತದೆಂದು ಈ ಏರ್ಪಾಟು. ಬ್ಯಾರನ್ ದಂಪತಿಗಳು ಆ ಸಂಘದ ಸದಸ್ಯರಲ್ಲ. ಸದಸ್ಯರಲ್ಲದವರು ಮಾಡಿದ್ದು, ಅದೂ ವಾದ್ಯವಿಲ್ಲದೆ ಮಾಡಿದ್ದು, ಸಂಗೀತ ಹೇಗಾದೀತು? ಸಂಗೀತವೇ ಅಲ್ಲವೆಂದ ಮೇಲೆ ಸಂಗೀತದ ಆಸ್ಕರ್ ಪ್ರಶಸ್ತಿಗೆ ಅದನ್ನು ಪರಿಗಣಿಸುವ ಪ್ರಶ್ನೆಯೂ ಇಲ್ಲ. ಅದೇ ಚಿತ್ರ ದೃಶ್ಯಚಮತ್ಕಾರಕ್ಕೆ ಆಸ್ಕರ್ ನಾಮಕರಣ ಪಡೆಯಿತು.

ಸಂಘದವರ ಪಕ್ಷವನ್ನೂ ಹೇಳಬೇಕು. ಅವರ ಭಯ ಸುಳ್ಳಲ್ಲ. ಮೂಕಿಚಿತ್ರದ ಕಾಲದಲ್ಲಿ ಥಿಯೇಟರುಗಳಲ್ಲಿ ಕೂತು ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರು 1927ರ ನಂತರ ಟಾಕಿ ಬಂದಾಗ ಅನ್ನ ಕಳೆದುಕೊಂಡಿದ್ದರು. ಯಂತ್ರವೊಂದು ಬಂದರೆ ಎಷ್ಟು ಮನೆಯ ಒಲೆ ಆರುತ್ತದೆಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಸಂಬಳ ಇಷ್ಟಿರಲಿ, ಇಷ್ಟು ಜನ ವಾದ್ಯಗಾರರಿಗೆ ಕೆಲಸವಿರಲಿ ಎಂದು ಹಟ ಹಿಡಿದಿದ್ದರೆ ನಾನು ಅವರ ಕಡೆಯೇ ನಿಲ್ಲುತ್ತಿದ್ದೆ. ಆದರೆ ಆ ಒಂದು ಪದ ಅಳಿಸಿದ್ದರಿಂದ ಯಾವ ಪಿಟೀಲುಗಾರನ ಮನೆಗೆ ಅಕ್ಕಿ ಬಂತು? ಸಂಗೀತ ಚಿತ್ರದಲ್ಲಿ ಹೇಗಿತ್ತೋ ಹಾಗೇ ಉಳಿಯಿತು. ಕಂಪನಿಗೆ ಅದು ಬೇಕಿತ್ತು, ಬಳಸಿಕೊಂಡಿತು. ಹೋದದ್ದು ಮಾಡಿದವರ ಹಕ್ಕಿನ ಹೆಸರು ಮಾತ್ರ. ನಮ್ಮಲ್ಲೂ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮನ್ನು ಹೊರಗಿಟ್ಟಿತ್ತು. ಅದಾದರೂ ಬಾಗಿಲು ಹಾಕಿದ್ದು, ಕಣ್ಣಿಗೆ ಕಾಣುತ್ತಿತ್ತು. ಒಳಗೆ ಕರೆದು ಕೆಲಸ ಮಾಡಿಸಿಕೊಂಡು ನೀನು ಅತಿಥಿಯಲ್ಲ ಎನ್ನುವುದು ಬೇರೆಯ ಜಾಣತನ.

ಇನ್ನೂ ಒಂದು ತಮಾಷೆಯಿದೆ. ಚಿತ್ರದ ನಡುವೆ ಮಾರ್ಬಿಯಸ್ ತನ್ನ ಕೋಣೆಯಲ್ಲಿ ಅತಿಥಿಗಳಿಗೆ ಒಂದು ಧ್ವನಿಮುದ್ರಣ ಕೇಳಿಸುತ್ತಾನೆ. ಐದು ಲಕ್ಷ ವರ್ಷಗಳ ಹಿಂದೆ ಕ್ರೆಲ್ ಸಂಗೀತಗಾರರು ನುಡಿಸಿದ್ದು ಎಂದು ಹೇಳುತ್ತಾನೆ. ಸಿ.ಡಿ.ಯಲ್ಲೂ ಅದರ ಹೆಸರು ‘ಪ್ರಾಚೀನ ಕ್ರೆಲ್ ಸಂಗೀತ’. ಅಂದರೆ, ಕಥೆಯಲ್ಲಿ ಎಂದೂ ಹುಟ್ಟದೇ ಇದ್ದ, ಯಾವ ಸಂಘದಲ್ಲೂ ಚಂದಾ ಕಟ್ಟದ ಆ ಜನ ಸಂಗೀತಗಾರರು. ಅದೇ ದನಿಯನ್ನು ನ್ಯೂಯಾರ್ಕಿನ ಕೋಣೆಯೊಂದರಲ್ಲಿ ನಿದ್ದೆಗೆಟ್ಟು ಮಾಡಿದ ಬೀಬಿ ಮತ್ತು ಲೂಯಿ ಮಾತ್ರ ಸಂಗೀತಗಾರರಲ್ಲ! ಇದನ್ನು ಆ ಕಂಪನಿಯ ಒಬ್ಬರೂ ಗಮನಿಸಲಿಲ್ಲವೇ?

ನನಗೇಕೆ ಇಷ್ಟು ಉರಿ ಎಂದು ನೀವು ಕೇಳಬಹುದು. ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಕ್ಯಾಸೆಟ್ಟಿನ ಕಾಲದಲ್ಲಿ, ನಾವು ಎಂಟು ಜನ ಹೆಂಗಸರು ಸೇರಿ ದೇವರನಾಮಗಳ ಒಂದು ಕ್ಯಾಸೆಟ್ಟು ತಂದೆವು. ಯಾವ ಪದ, ಯಾವ ರಾಗ, ಯಾರು ಎತ್ತಿಕೊಡಬೇಕು, ಎಲ್ಲಿ ಎಲ್ಲರೂ ಸೇರಬೇಕು – ನಾಲ್ಕು ತಿಂಗಳು ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ನಮ್ಮ ಮನೆಯ ನಡುಮನೆಯಲ್ಲಿ ಕೂತು ನಾನು ಕಟ್ಟಿದ್ದು. ರೆಕಾರ್ಡಿಂಗಿಗೆ ಹಾರ್ಮೋನಿಯಂ ನುಡಿಸಲು ಒಬ್ಬ ಹಿರಿಯರು ಎರಡು ದಿನ ಬಂದರು. ಒಳ್ಳೆಯವರು, ಅವರ ಮೇಲೆ ನನಗೆ ದೂರಿಲ್ಲ. ಕ್ಯಾಸೆಟ್ಟು ಅಚ್ಚಾಗಿ ಬಂತು. ‘ಸಂಗೀತ’ ಎಂಬಲ್ಲಿ ಅವರ ಹೆಸರು. ನನ್ನ ಹೆಸರು ಮಡಿಸಿದ ಕಾಗದದ ಒಳಗಡೆ, ಮೈಕಿನವರ ಹೆಸರಿನ ಕೆಳಗೆ, ‘ಸಹಕಾರ’ ಎಂಬ ಸಾಲಿನಲ್ಲಿ. ಕೇಳಿದ್ದಕ್ಕೆ ಪ್ರಕಟಿಸಿದವರು, “ಹೆಸರು ಹಾಕಿದ್ದೀವಲ್ಲಮ್ಮ, ಇನ್ನೇನು?” ಎಂದರು. ಇನ್ನೇನು ಎಂದು ನನಗೂ ಆಗ ಬಾಯಿಬಿಟ್ಟು ಹೇಳಲಾಗಲಿಲ್ಲ. ನಮ್ಮ ಯಜಮಾನರೇ “ಹೋಗಲಿ ಬಿಡು” ಎಂದಿದ್ದರು. ಸಹಕಾರ! ಅದು ನಮ್ಮೂರಿನ ಟೊನ್ಯಾಲಿಟೀಸ್ ಎಂದು ಅರ್ಥವಾಗಲು ಈ ಸಿ.ಡಿ. ಬರಬೇಕಾಯಿತು.

ಮಾಡಿದವರ ಹೆಸರನ್ನು ಪೂರ್ತಿ ಅಳಿಸುವವರು ಕಡಿಮೆ. ಹೆಸರು ಇರುತ್ತದೆ, ಕೆಲಸದ ಹೆಸರು ಬದಲಾಗುತ್ತದೆ. ಬೀಬಿಯ ವಿಷಯದಲ್ಲಂತೂ ಎರಡೂ ಬದಲಾದವು. ಅವಳ ಹುಟ್ಟು ಹೆಸರು ಷಾರ್ಲಟ್ ಮೇ ವಿಂಡ್. ಬೀಬಿ ಎನ್ನುವುದು ಗಂಡ ಇಟ್ಟ ಮುದ್ದಿನ ಹೆಸರು, ಬ್ಯಾರನ್ ಗಂಡನ ಮನೆಯ ಹೆಸರು. ನನಗೂ ಧಾರೆಯ ದಿನ ಅಕ್ಕಿ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದ್ದರು. ಅದಿರಲಿ. ಇಂದು ಈ ಚಿತ್ರವನ್ನು ಹೊಗಳುವವರು ಬಹಳ ಇದ್ದಾರೆ. ಅವರಲ್ಲಿ ಎಷ್ಟೋ ಜನ ಲೂಯಿ ಯಂತ್ರ ಕಂಡುಹಿಡಿದ, ಬೀಬಿ ನೆರವಾದಳು ಎಂಬಂತೆ ಮಾತಾಡುತ್ತಾರೆ. ಲೂಯಿಯನ್ನು ಸಣ್ಣವನು ಮಾಡಬೇಕೆಂದು ನನಗಿಲ್ಲ. ಅವನಿಲ್ಲದೆ ಸರ್ಕ್ಯೂಟಿಲ್ಲ. ಇಬ್ಬರೂ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕುತ್ತಿದ್ದವರೇ. ಆದರೆ ಸರ್ಕ್ಯೂಟು ಕೊಟ್ಟದ್ದು ಗೊರಗೊರ. ಅದರಲ್ಲಿ ಯಾವುದು ರಾಕ್ಷಸನ ಹೆಜ್ಜೆ, ಯಾವುದು ಎರಡು ಚಂದ್ರರ ರಾತ್ರಿ ಎಂದು ಕೇಳಿ ತಿಳಿದ ಕಿವಿ ಹೆಚ್ಚಾಗಿ ಬೀಬಿಯದು. ವೀಣೆ ಮಾಡಿದವನನ್ನೂ ವೀಣೆ ನುಡಿಸಿದವಳನ್ನೂ ನಾವು ಬೇರೆ ಬೇರೆಯಾಗಿ ಗುರುತಿಸುವುದಿಲ್ಲವೇ? ಇಲ್ಲಿ ಮಾತ್ರ ನುಡಿಸಿದವಳು ಮಾಡಿದವನ ಸಹಾಯಕಿ.

ಇದೆಲ್ಲ ಓದಿದ ಮೇಲೆ ಸಿ.ಡಿ.ಯನ್ನು ಮತ್ತೆ ಕೇಳಿದೆ. ಈ ಸಲ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲು ಹಾಕಿಕೊಂಡು. ಸುಮಾರು ನಲವತ್ತು ನಿಮಿಷ. ತಾಳವಿಲ್ಲ, ಶ್ರುತಿಯಿಲ್ಲ, ಹಿಡಿದು ಗುನುಗಲು ಒಂದು ಸಾಲಿಲ್ಲ. ಮೊದಲ ಹತ್ತು ನಿಮಿಷ ನನ್ನ ಕರ್ನಾಟಕ ಸಂಗೀತದ ಕಿವಿ ಷಡ್ಜಕ್ಕಾಗಿ ತಡಕಾಡಿತು. ಆಮೇಲೆ ಕೈಬಿಟ್ಟಿತು. ಕೈಬಿಟ್ಟ ಮೇಲೆ ಕೇಳತೊಡಗಿತು. ನೀರಿನ ಗುಳ್ಳೆಯಂತೆ ಏಳುವ ದನಿಗಳು ರಾಬಿಯವು, ಅವು ಬಂದಾಗಲೆಲ್ಲ ಮುಖದಲ್ಲಿ ನಗು ಬರುತ್ತದೆ. ರಾಕ್ಷಸನ ದನಿ ಮೊದಲು ಬಂದಾಗ ಎಲ್ಲೋ ದೂರದಲ್ಲಿ ಭಾರವಾದದ್ದೇನೋ ಉಸಿರಾಡಿದಂತಿರುತ್ತದೆ. ಮುಂದೆ ಹತ್ತಿರ ಬರುತ್ತದೆ, ಹಡಗಿನ ಜೊತೆಗಿನ ಕಾಳಗದಲ್ಲಿ ಕಿವಿ ತುಂಬುತ್ತದೆ. ಕೊನೆಯಲ್ಲಿ ಅದು ಸಾಯುವಾಗ ನಾವು ಕೇಳುವುದು ಒಂದು ಸರ್ಕ್ಯೂಟು ನಿಜವಾಗಿ ಸುಟ್ಟು ಸಾಯುವ ದನಿ. ಚಿತ್ರದಲ್ಲಿ ಗಾಳಿ ಯಾವುದು, ಯಂತ್ರ ಯಾವುದು, ಮನಸ್ಸಿನ ಭಯ ಯಾವುದು ಎಂದು ಬೇರೆ ಮಾಡಲು ಬರುವುದೇ ಇಲ್ಲ. ರಾಕ್ಷಸ ಹೊರಗಿದ್ದಾನೋ ಒಳಗಿದ್ದಾನೋ ಎಂಬುದೇ ಕಥೆಯಾಗಿರುವಾಗ ಅದಕ್ಕಿಂತ ಸರಿಯಾದ ಹಿನ್ನೆಲೆ ಇನ್ನೇನಿದ್ದೀತು? ಪಿಟೀಲು ಹಾಕಿದ್ದರೆ, ಇಗೋ ಈಗ ಹೆದರಿಕೊಳ್ಳಿ ಎಂದು ಯಾರೋ ಪಕ್ಕದಲ್ಲಿ ನಿಂತು ಹೇಳಿದಂತಾಗುತ್ತಿತ್ತು.

ಇಷ್ಟಾಗಿಯೂ 1956ರಲ್ಲಿ ಈ ಚಿತ್ರದ ಹೆಸರಿನಲ್ಲಿ ಅಂಗಡಿಗೆ ಬಂದ ಗ್ರಾಮಫೋನ್ ತಟ್ಟೆ ಬ್ಯಾರನ್‌ರದಲ್ಲ, ಚಿತ್ರದಿಂದ ಕೈಬಿಟ್ಟಿದ್ದ ಡೇವಿಡ್ ರೋಸ್‌ನ ವಾದ್ಯವೃಂದದ್ದು! ಚಿತ್ರದಲ್ಲಿರುವುದು ತಟ್ಟೆಯಲ್ಲಿಲ್ಲ, ತಟ್ಟೆಯಲ್ಲಿರುವುದು ಚಿತ್ರದಲ್ಲಿಲ್ಲ. ನಿಜವಾದ ಸಂಗೀತ ತಟ್ಟೆಯಾಗಿ ಬರಲು ಇಪ್ಪತ್ತು ವರ್ಷ ಹಿಡಿಯಿತು. ಅದನ್ನೂ ಯಾವ ದೊಡ್ಡ ಕಂಪನಿಯೂ ಮಾಡಲಿಲ್ಲ, ಗಂಡಹೆಂಡತಿ ತಾವೇ ಹೊರತಂದರು. 1970ರಲ್ಲೇ ಅವರಿಬ್ಬರೂ ವಿಚ್ಛೇದನ ಪಡೆದಿದ್ದರು, ಆದರೂ ಕೆಲಸ ಒಟ್ಟಿಗೇ ನಡೆದಿತ್ತು. ಅದೇ ಮುಂದೆ ಸಿ.ಡಿ.ಯಾಗಿ ಮರುಪ್ರಕಟವಾಯಿತು. 1989ರ ನವೆಂಬರಿನಲ್ಲಿ ಲೂಯಿ ತೀರಿಕೊಂಡ. ಹಾಲಿವುಡ್ಡಿನ ಇನ್ನೊಂದು ದೊಡ್ಡ ಚಿತ್ರ ಅವರ ಪಾಲಿಗೆ ಬರಲೇ ಇಲ್ಲ. ಅಮೆರಿಕದ ಎಲೆಕ್ಟ್ರಾನಿಕ್ ಸಂಗೀತಕಾರರು 1984ರಲ್ಲಿ ಕಟ್ಟಿದ ತಮ್ಮದೇ ಸಂಘಕ್ಕೆ ಬೀಬಿ ಮೊದಲ ಕಾರ್ಯದರ್ಶಿಯಾದಳು. 2000ದಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಕಂಪ್ಯೂಟರಿನ ಮುಂದೆ ಕೂತು ‘ಮಿಕ್ಸ್‌ಡ್ ಎಮೋಷನ್ಸ್’ ಎಂಬ ಹೊಸ ರಚನೆ ಮುಗಿಸಿದಳು. ತೀರಿಕೊಂಡದ್ದು 2008ರ ಏಪ್ರಿಲಿನಲ್ಲಿ.

ಈ ಚಿತ್ರವನ್ನು ಈಗಲೂ ಹೊಸ ಹೊಸ ಡಿಸ್ಕುಗಳಲ್ಲಿ ತರುತ್ತಲೇ ಇದ್ದಾರೆ. ಬಣ್ಣ ತಿದ್ದುತ್ತಾರೆ, ಗೀರು ಅಳಿಸುತ್ತಾರೆ, ದನಿ ತೊಳೆಯುತ್ತಾರೆ. ಹಳೆಯ ಟೈಟಲ್ ಕಾರ್ಡನ್ನು ತಿದ್ದಿ ಎಂದು ನಾನು ಹೇಳುವುದಿಲ್ಲ. ಅದು ಇದ್ದ ಹಾಗೇ ಇರಲಿ, ಮಾಡಿದ್ದು ಎಲ್ಲರಿಗೂ ಕಾಣಲಿ. ಆದರೆ ಡಬ್ಬಿಯ ಹೊರಗೆ ಹೊಸದಾಗಿ ಅಚ್ಚು ಮಾಡುವ ಕಾಗದದಲ್ಲಿ, ಚಿತ್ರದ ಬಗ್ಗೆ ಬರೆಯುವ ಪುಸ್ತಕಗಳಲ್ಲಿ ‘ಸಂಗೀತ: ಬೀಬಿ ಬ್ಯಾರನ್, ಲೂಯಿ ಬ್ಯಾರನ್’ ಎಂದು ಬರೆಯಲು ಇನ್ನು ಯಾವ ಸಂಘದ ಅಪ್ಪಣೆ ಬೇಕು?

ನಮ್ಮ ಯಜಮಾನರಿಗೆ ಇಷ್ಟನ್ನೂ ಊಟದ ಹೊತ್ತಿನಲ್ಲಿ ಹೇಳಿದೆ. ಕ್ಯಾಸೆಟ್ಟಿನ ವಿಷಯ ಬಂದಾಗ ಸಾರು ಕಲಸುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, “ಆ ಕ್ಯಾಸೆಟ್ಟು ಇನ್ನೂ ಇದೆಯೇನೇ?” ಎಂದರು.

“ಅಟ್ಟದಲ್ಲಿದೆ.”

ಊಟ ಮುಗಿಸಿ, ಕೈ ತೊಳೆದು, ಅವರು ಏಣಿ ತರಲು ಹಿತ್ತಲಿಗೆ ಹೋದರು.